ಅಕ್ಕನ ‘ಒಲ್ಲೆ’ ಮತ್ತು ಅಮೋಘಿಯ ಬಾಟ್

ಗಂಡಸಿಗೆ ಒಂದು ಚಟ ಇರಲೇಬೇಕು. ಇಲ್ಲದಿದ್ದರೆ ಮನೆಯವರಿಗೆ ಬೈಯಲು ವಿಷಯವೇ ಸಿಗುವುದಿಲ್ಲ. ತಿಕೋಟಾದ ಅಮೋಘಿಗೆ ತಂಬಾಕಿನ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ, ಚುನಾವಣೆಯ ಚಟ ಮೊದಲೇ ಇಲ್ಲ. ಆತನಿಗಿದ್ದದ್ದು ಬಾಟ್ ಕಟ್ಟುವ ಚಟ.

ಐವತ್ತು ದಾಟಿದ ಮನುಷ್ಯ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದ್ರಾಕ್ಷಿ ತೋಟದವರಿಗೆ ಡ್ರಿಪ್ ಪೈಪು ಮಾರುವ ಅಂಗಡಿ. ಬಿಸಿಲು ಏರಿದ ಮೇಲೆ ಗಿರಾಕಿ ಬರುವುದಿಲ್ಲ. ಆ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಈ ವಿದ್ಯೆ ಕಲಿತ. ಬಾಟ್ ಎಂದರೆ ದೊಡ್ಡ ಮಾಯೆಯೇನಲ್ಲ. ಫೋನಿಗೆ ಬಂದ ಸಂದೇಶಕ್ಕೆ ನಮ್ಮ ಬದಲು ತಾನೇ ಉತ್ತರ ಕೊಡುವ ಯಂತ್ರ. ಇಂಥ ಮಾತು ಬಂದರೆ ಇಂಥ ಉತ್ತರ ಕೊಡು ಎಂದು ಮೊದಲೇ ಬರೆದಿಟ್ಟರೆ ಆಯಿತು, ಅದು ಎದುರಾಡದೆ ಹಾಗೆಯೇ ಮಾಡುತ್ತದೆ. ಹೇಳಿದಂತೆ ಕೇಳುವ ಒಂದು ಜೀವವನ್ನು ಅಮೋಘಿ ತನ್ನ ಸಂಸಾರದಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಗಾಗಿ ಆತ ಅದಕ್ಕೆ ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಬಾಟಿಗೆ ಆತ ಕಲಿಸಿದ್ದು ಊಟ ಕೇಳುವುದನ್ನು. ಯಾರಾದರೂ ‘ಊಟ ಆತೇನ್ರಿ?’ ಎಂದರೆ ‘ಆತ್ರಿ, ನಿಮ್ದು ಊಟ ಆತೇನ್ರಿ?’ ಅನ್ನಬೇಕು. ಪರೀಕ್ಷೆ ಮಾಡಲು ಹೆಂಡತಿ ಚಂದ್ರಕಲಾಳ ಫೋನಿಗೂ ಅದನ್ನೇ ಹಾಕಿ, ಎರಡನ್ನೂ ಎದುರುಬದುರು ಇಟ್ಟು ಸ್ನಾನಕ್ಕೆ ಹೋದ. ಮೈ ಒರೆಸಿಕೊಂಡು ಬರುವುದರೊಳಗೆ ಎರಡೂ ಫೋನುಗಳು ಒಂದನ್ನೊಂದು ಊಟ ಕೇಳಿ ಕೇಳಿ ಕಾದ ಹಂಚಾಗಿದ್ದವು. ಚಂದ್ರಕಲಾಳ ಫೋನು ನಡುವೆಯೇ ಕಣ್ಣು ಮುಚ್ಚಿತ್ತು.

“ಅವಾಗಿಂದ ಊಟಾ ಕೇಳಾಕತ್ತಾವು,” ಎಂದಳು ಚಂದ್ರಕಲಾ, “ಒಂದರ ಒಂದ್ ತುತ್ತು ತಿಂದೈತೇನ್ರಿ ಇವುದ್ರಾಗ?”

ಅಮೋಘಿ ಇಂಥ ಟೀಕೆಗಳಿಗೆ ಬಗ್ಗುವವನಲ್ಲ. ದೋಷ ಹುಡುಕಿ ಸರಿಪಡಿಸುವುದೇ ಈ ವಿದ್ಯೆಯ ಸುಖ ಎಂದು ಆತ ನಂಬಿದ್ದ. ಅಂಗಡಿಗೆ ಒಂದು ಬಾಟ್ ಮಾಡಿದ. ಹಬ್ಬದ ಶುಭಾಶಯ ಹೇಳಲು ಒಂದು ಮಾಡಿದ. ಎದುರಿನ ಚಹಾ ಅಂಗಡಿಯ ಶಕೀಲನಿಗೆ, ಆತ ಬೇಡಬೇಡವೆಂದರೂ, ಒಂದು ಮಾಡಿಕೊಟ್ಟ. ‘ಒಂದು ಚಹಾ’ ಎಂದು ಯಾರೋ ಬರೆದರೆ ಅದು ‘ಯಾರಿಗೆ, ಯಾಕೆ, ಎಲ್ಲಿಗೆ’ ಎಂದು ಪೊಲೀಸರ ಹಾಗೆ ಕೇಳುತ್ತಿತ್ತು. ಶಕೀಲ ಅದನ್ನು ವಾರದೊಳಗೆ ಅಳಿಸಿ ಹಾಕಿದ.

ಹೀಗಿರುವಾಗ ಮಗಳು ಗೀತಾಂಜಲಿಯ ಕುಬಸ ಬಂತು. ಆಕೆಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಬಸುರಿಗೆ ತಿಂಗಳು ತುಂಬುತ್ತ ಬಂದಾಗ ತವರಿನವರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು, ಬಳಗವನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು, ಗಂಡನ ಮನೆಗೇ ಹೋಗಿ ಉಡಿ ತುಂಬಿ ಉಂಡು ಬರುವುದು ಪದ್ಧತಿ. ಬಳಗವನ್ನು ಕರೆಯುವುದಕ್ಕೂ ಪದ್ಧತಿ ಇದೆ. ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಬೇಕು, ಕೂತು ನೀರು ಕುಡಿಯಬೇಕು, ಎರಡು ಮಾತಾಡಿ ‘ಬರಾಕ ಬೇಕ್ರಿ ಮತ್ತ’ ಅನ್ನಬೇಕು.

“ನಾಳಿಂದ ಹೊಂಡ್ರಿ,” ಎಂದಳು ಚಂದ್ರಕಲಾ.

“ಎದಕ್ಕ ಹೊಂಡೂದು?” ಎಂದ ಅಮೋಘಿ. “ಬಾಟ್ ಕರೀತೈತಿ. ಕುಂತಲ್ಲೆ ಎಲ್ಲಾರಿಗೂ ಕರಿ ಹೋಗ್ತೈತಿ, ಕುಂತಲ್ಲೆ ಉತ್ತರ ಬರ್ತೈತಿ. ಗಾಡ್ಯಾಗ ಎಷ್ಟ ಮಂದಿ ಅಂತ ಅದ ಹೇಳ್ತೈತಿ.”

ಈ ಸುದ್ದಿ ಬಬಲೇಶ್ವರಕ್ಕೆ ಮುಟ್ಟಿತು. ಗೀತಾಂಜಲಿ ಫೋನ್ ಮಾಡಿದಳು.

“ಅಪ್ಪಾ, ಬ್ಯಾರೇದವ್ರನ್ನ ನೀ ಹ್ಯಾಂಗರ ಕರಿ. ಮಲಕವ್ವತ್ತಿನ್ನ ಮಾತ್ರ ನೀನ ಹೋಗಿ ಕರಿ. ಅತ್ತಿ ಬರ್ಲಿಲ್ಲಂದ್ರ ನಾ ಉಡಿ ತುಂಬಿಸ್ಕೊಳ್ಳೂದಿಲ್ಲ ನೋಡು.”

“ಆತು ಬಿಡವಾ,” ಎಂದ ಅಮೋಘಿ.

ಮಲಕವ್ವ ಅಮೋಘಿಯ ಅಕ್ಕ. ಬಿಜ್ಜರಗಿಯಲ್ಲಿ ಮನೆ. ಗಂಡ ಮಾಳು ಕುರಿಹಿಂಡಿನ ಬೆನ್ನುಹತ್ತಿ ವರ್ಷದ ಬಹುಪಾಲು ಊರೂರು ತಿರುಗುವವನು. ಆಕೆ ಮನೆಯಲ್ಲಿ ಆಡು ಸಾಕಿಕೊಂಡು ಇರುವವಳು. ಗೀತಾಂಜಲಿ ಹುಟ್ಟಿದಾಗ ಚಂದ್ರಕಲಾ ಜ್ವರ ಬಂದು ಮಲಗಿದ್ದಳು. ಕೂಸಿಗೆ ಎಣ್ಣೆ ಹಚ್ಚಿ ಎರೆದು, ಆಡಿನ ಹಾಲು ಹಾಕಿ, ಎದೆಗವುಚಿಕೊಂಡು ಉಳಿಸಿದವಳು ಈ ಸೋದರತ್ತೆ. ಅಲ್ಲದೆ ಆ ಮನೆತನದಲ್ಲಿ ಮೊದಲ ಉಡಿ ಸೋದರತ್ತೆಯದೇ. ಆಕೆ ತುಂಬಿದ ಮೇಲೆಯೇ ಉಳಿದವರು ತುಂಬಬೇಕು.

ಅಮೋಘಿಗೆ ಇದೆಲ್ಲ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಹಿಂದಿನ ನಾಗರಪಂಚಮಿಗೆ ಆತ ವಾಡಿಕೆಯಂತೆ ಅಕ್ಕನನ್ನು ತವರಿಗೆ ಕರೆತರಲು ಹೋಗಿರಲಿಲ್ಲ. ಹಬ್ಬದ ಶುಭಾಶಯದ ಬಾಟ್ ಕೆಟ್ಟು ಕೂತಿತ್ತು, ಅದನ್ನು ರಿಪೇರಿ ಮಾಡುತ್ತ ಹಬ್ಬವೇ ಕಳೆದುಹೋಗಿತ್ತು. ಅಂದಿನಿಂದ ಅಕ್ಕ ಫೋನೂ ಮಾಡಿರಲಿಲ್ಲ, ಬಂದೂ ಇರಲಿಲ್ಲ. ಅವಳ ಮುಖ ನೋಡಲು ಆತನಿಗೆ ನಾಚಿಕೆ. ಬಾಟಿಗೆ ಆ ತೊಂದರೆ ಇಲ್ಲ. ಮೊದಲು ಅದು ಕರೆಯಲಿ, ಆಮೇಲೆ ನಾನು ಹೋದರಾಯಿತು ಎಂದು ಅಕ್ಕನ ಹೆಸರನ್ನೂ ಅದಕ್ಕೇ ಒಪ್ಪಿಸಿಬಿಟ್ಟ.

ಬಾಟಿಗೆ ಬೇರೆ ಹೆಸರಿಡಲಿಲ್ಲ. ಸ್ವತಃ ಅಮೋಘಿಯೇ ಕರೆದಂತಿರಲಿ ಎಂದು ತನ್ನ ಹೆಸರನ್ನೇ ಕೊಟ್ಟ. ಮಗಳ ಮದುವೆಯಲ್ಲಿ ತಲೆಗೆ ಪಟಗಾ ಸುತ್ತಿ ಹಲ್ಲು ಬಿಟ್ಟು ನಕ್ಕ ತನ್ನ ಫೋಟೋ ಅಂಟಿಸಿದ. ಭಾಷೆ ಮಾತ್ರ ಘನವಾಗಿರಲಿ ಎಂದು ಅಚ್ಚಿನ ಕನ್ನಡದಲ್ಲಿ ಬರೆದ. ‘ತಾವು ಕುಟುಂಬ ಸಮೇತ ಆಗಮಿಸುವಿರಾ?’ ಎಂಬುದು ಪ್ರಶ್ನೆ. ‘ಹೂಂ, ಬರ್ತೇವಿ, ಆತು’ ಎಂಬ ಉತ್ತರ ಬಂದರೆ ‘ಸಂತೋಷ, ಗಾಡಿಯಲ್ಲಿ ಜಾಗ ಹಿಡಿಯಲಾಗಿದೆ’ ಅನ್ನಬೇಕು. ‘ಇಲ್ಲ, ಒಲ್ಲೆ, ಆಗೂದಿಲ್ಲ’ ಎಂದು, ಇಲ್ಲವೆ ಬೇರೆ ಏನೇ ಬಂದರೂ ‘ತಮ್ಮ ಉತ್ತರ ತಿಳಿಯಿತು, ಧನ್ಯವಾದಗಳು’ ಅನ್ನಬೇಕು. ಗುಂಡಿ ಒತ್ತಿ, ಶಕೀಲನ ಅಂಗಡಿಗೆ ಹೋಗಿ, ಕಾಲ ಮೇಲೆ ಕಾಲು ಹಾಕಿ ಕೂತ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ವಿಜಯಪುರದ ಸೀಮೆಯಲ್ಲಿ ಮಾನವಂತರು ಯಾರೂ ಮೊದಲ ಸಲಕ್ಕೆ ಹೂಂ ಅನ್ನುವುದಿಲ್ಲ. ಚಹಾ ತಗೋರಿ ಎಂದರೆ ‘ಒಲ್ಲೆ, ಈಗರ ಕುಡದ ಬಂದೇನ್ರಿ’ ಅನ್ನುತ್ತಾರೆ, ಅನ್ನುತ್ತಲೇ ಕುರ್ಚಿ ಎಳೆದುಕೊಳ್ಳುತ್ತಾರೆ. ಊಟಕ್ಕೆ ಏಳ್ರಿ ಎಂದರೆ ‘ನಮ್ಮದೇನ ಬಿಡ್ರಿ’ ಅನ್ನುತ್ತಾರೆ, ಅನ್ನುತ್ತಲೇ ಕೈ ತೊಳೆಯುತ್ತಾರೆ. ಒಂದೇ ಮಾತಿಗೆ ಹೂಂ ಅಂದರೆ ಹೊಟ್ಟೆಬಾಕ ಅಂದಾರು ಎಂಬ ಭಯ ಉಣ್ಣುವವರಿಗೆ. ಒಂದೇ ಮಾತಿಗೆ ಬಿಟ್ಟರೆ ಜಿಪುಣ ಅಂದಾರು ಎಂಬ ಭಯ ಬಡಿಸುವವರಿಗೆ. ಈ ಎರಡು ಭಯಗಳ ಮೇಲೆ ಆ ಸೀಮೆಯ ಬಂಧು ಬಳಗವೆಲ್ಲ ನಿಂತಿದೆ. ಅಮೋಘಿ ಹುಟ್ಟಿದಾಗಿನಿಂದ ಹೀಗೆಯೇ ಬದುಕಿದವನು. ಬಾಟಿಗೆ ಹೇಳಬೇಕೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲ. ಉಸಿರಾಡುವುದನ್ನು ಯಾರಾದರೂ ಬರೆದಿಡುತ್ತಾರೆಯೆ?

ಮೊದಲು ಉತ್ತರ ಕೊಟ್ಟವಳು ವಿಜಯಪುರದಲ್ಲಿರುವ ನಾದಿನಿ ಶೈಲಾ. ‘ಅಯ್ಯ, ನಮ್ಮನ್ಯಾಕ ಕರೀತೀರಿ ಬಿಡ್ರಿ ಮಾಮಾ, ನಾವೇನ್ ಬರೂದಿಲ್ಲ’ ಎಂದು ಸಲಿಗೆಯಿಂದ ಬರೆದು, ಮಾಮಾ ಇನ್ನೇನು ಗದರಿಸಿ ಕರೆಯುತ್ತಾರೆ ಎಂದು ನಗುತ್ತ ಕಾದಳು. ‘ತಮ್ಮ ಉತ್ತರ ತಿಳಿಯಿತು. ಧನ್ಯವಾದಗಳು’ ಎಂದು ಬಂತು.

ಶೈಲಾ ತನ್ನ ಅಕ್ಕ ಚಂದ್ರಕಲಾಳಿಗೆ ಫೋನ್ ಹಚ್ಚಿ ಅತ್ತಳು. “ಬರೂದಿಲ್ಲ ಅಂದಿದ್ದಕ್ಕ ಧನ್ಯವಾದ ಹೇಳ್ಯಾರ ಬೇ ಅಕ್ಕಾ! ಪೀಡಾ ಹೋತು ಅಂದಂಗ!”

ಸಂಜೆಯೊಳಗೆ ಬಳಗದ ಅರ್ಧಕ್ಕರ್ಧ ಮಂದಿ ಒಲ್ಲೆ ಅಂದಿದ್ದರು, ಅವರಿಗೆಲ್ಲ ಧನ್ಯವಾದ ಮುಟ್ಟಿತ್ತು. ಒಬ್ಬ ಮಾವ ತನ್ನನ್ನು ಬಳಗದಿಂದ ಹೊರಗೆ ಹಾಕಿದ್ದಾರೆಂದು ಹಿರಿಯರನ್ನು ಸೇರಿಸುವ ಮಾತಾಡಿದ. ‘ಅಂಗಡಿ ಬಿಟ್ಟ ಹ್ಯಾಂಗ ಬರ್ಲಿ ಅಣ್ಣಾ’ ಎಂದಿದ್ದ ಶಕೀಲನಿಗೂ ಧನ್ಯವಾದ ಬಂದಿತ್ತು. ಅಂದು ಅಮೋಘಿಗೆ ಬಂದ ಚಹಾದಲ್ಲಿ ಸಕ್ಕರೆ ಇರಲಿಲ್ಲ.

ಬಿಜ್ಜರಗಿಯಿಂದ ಬಂದದ್ದು ಒಂದೇ ಮಾತು. ‘ಒಲ್ಲೆ.’ ಅದಕ್ಕೂ ಬಾಟ್ ತಡಮಾಡದೆ ಧನ್ಯವಾದ ಹೇಳಿತ್ತು.

ಅದನ್ನು ಅಮೋಘಿ ಎರಡೆರಡು ಸಲ ಓದಿದ. ಬೇರೆಯವರಾಗಿದ್ದರೆ ಆಗಲೇ ಗಾಡಿ ಹತ್ತುತ್ತಿದ್ದರು. ಆದರೆ ಚಟದವನ ಬುದ್ಧಿಯೇ ಬೇರೆ. ದೋಷ ಸಿಕ್ಕಿದೆ, ಸರಿಪಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಆತನಿಗೆ ಹುರುಪೇ ಬಂತು. ಶಕೀಲನ ಅಂಗಡಿಯಲ್ಲಿ ಕೂತವರನ್ನೆಲ್ಲ ಸೇರಿಸಿ ಕೇಳಿದ:

“ಯಾರರ ಒಲ್ಲೆ ಅಂದ್ರ, ಅದು ಖರೇನ ಒಲ್ಲೆಯೋ ಸುಳ್ಳ ಒಲ್ಲೆಯೋ, ಹ್ಯಾಂಗ ಗುರ್ತ ಹಿಡೀತೀರಿ?”

“ತಾಟಿನ ಮ್ಯಾಲ ಕೈ ಅಡ್ಡ ಹಿಡದಿರ್ತಾರಲ್ಲ, ಬೆರಳ ಅಗಲ ಇದ್ರ ಹಾಕಬೇಕು,” ಎಂದ ಒಬ್ಬ. “ಬೆರಳ ಕೂಡಿಸಿದ್ರ ಸಾಕಾಗೈತಿ ಅಂತ.”

“ಏ, ಬೆರಳಿಂದ ಏನ್ ತಿಳೀತೈತೋ? ಕಣ್ಣ ನೋಡಬೇಕು. ಹೋಳಿಗಿ ಬುಟ್ಟಿ ಕಡೆ ಕಣ್ಣ ಹೋದ್ರ ಮುಗೀತು.”

“ನಮ್ಮ ಮಾವ ಕಣ್ಣ ಮುಚಗೊಂಡ ಒಲ್ಲೆ ಅಂತಾನ. ಹಾಕಿದ್ರ ಉಂತಾನ.”

“ಮೂರ ಸಲಾ ಕೇಳಬೇಕು,” ಎಂದ ಶಕೀಲ, “ಮೂರೂ ಸಲಾ ಒಲ್ಲೆ ಅಂದ್ರ ಬಿಡಬೇಕು. ಅಷ್ಟ.”

“ಬಿಟ್ಟಿದ್ದಕ್ಕ ನಮ್ಮ ಭಾವ ಹೊಳ್ಳಿ ನಮ್ಮನಿಗೆ ಬಂದಿಲ್ಲ,” ಎಂದು ಮೊದಲಿನವನು ಎದ್ದು ನಿಂತ. ಮಾತು ಬೆಳೆದು, ಅಲ್ಲಿದ್ದವರ ಮನೆಗಳಲ್ಲಿ ಯಾವ ಯಾವ ಒಲ್ಲೆಯಿಂದ ಯಾವ ಯಾವ ಜಗಳ ಹುಟ್ಟಿತ್ತು ಎಂಬುದೆಲ್ಲ ಹೊರಬಂತು. ಒಬ್ಬರಿಗೂ ಗುಟ್ಟು ಗೊತ್ತಿರಲಿಲ್ಲ. ಎಲ್ಲರೂ ಅದರ ಮೇಲೆಯೇ ಸಂಸಾರ ನಡೆಸಿದ್ದರು.

ಬಾಟಿಗೆ ಬೆರಳು ಕಾಣುವುದಿಲ್ಲ, ಕಣ್ಣೂ ಕಾಣುವುದಿಲ್ಲ. ಹೀಗಾಗಿ ಅಮೋಘಿ ಶಕೀಲನ ಮಾತು ಹಿಡಿದ. ಯಾರೇ ಒಲ್ಲೆ ಅನ್ನಲಿ, ಮೂರು ಸಲ ಬಿಡದೆ ಕರೆಯಬೇಕು. ಅಚ್ಚಿನ ಕನ್ನಡ ತೆಗೆದು ಊರ ಮಾತೇ ಹಾಕಿದ. ಮೊದಲ ಸಲಕ್ಕೆ ‘ಇವೆಲ್ಲಾ ನೆವಾ ಬ್ಯಾಡ್ರಿ, ಬರಾಕ ಬೇಕು.’ ಎರಡನೆಯದಕ್ಕೆ ‘ಅವರನ್ನೂ ಕರಕೊಂಡ ಬರ್ರಿ, ಗಾಡ್ಯಾಗ ಜಾಗಾ ಐತಿ.’ ಮೂರನೆಯದಕ್ಕೆ ‘ನೀವು ಬರ್ಲಿಲ್ಲಂದ್ರ ನಾವು ಊಟಾನ ಮಾಡೂದಿಲ್ಲ.’ ಬರೆದು ಓದಿಕೊಂಡಾಗ ತನ್ನ ಪ್ರೀತಿಗೆ ತನಗೇ ಕಣ್ಣು ತುಂಬಿತು. ಒಲ್ಲೆ ಅಂದವರಿಗೆಲ್ಲ ಮತ್ತೊಮ್ಮೆ ಕಳಿಸಿದ, ಉಳಿದಿದ್ದ ಕೆಲವರಿಗೆ ಹೊಸದಾಗಿ ಕಳಿಸಿದ. ಅಕ್ಕನಿಗೂ ಕಳಿಸಿದ. ಅವಳ ಫೋನು ಬಂದ್ ಆಗಿತ್ತು.

ಮರುದಿನ ಗಂಡ ಹೆಂಡತಿ ಕುಬಸದ ಸೀರೆಗೆಂದು ವಿಜಯಪುರದ ಗಾಂಧಿ ಚೌಕಕ್ಕೆ ಹೋದರು. ಅಮರಪ್ಪನ ಸೀರೆ ಅಂಗಡಿಯಲ್ಲಿ ಚಂದ್ರಕಲಾ ಇಳಕಲ್ಲಿನ ರಾಶಿಯೊಳಗೆ ಮುಳುಗಿದಳು. ಅಮೋಘಿ ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದ. ಶೈಲಾ ಎರಡನೇ ಸಲಕ್ಕೇ ಹೂಂ ಅಂದಿದ್ದಳು. ಹಿರಿಯರನ್ನು ಸೇರಿಸಹೊರಟಿದ್ದ ಮಾವ ಮೂರನೇ ಸಲಕ್ಕೆ ಕರಗಿದ್ದ. ತೋಟಗಾರಿಕೆಯ ಸಾಹೇಬರೊಬ್ಬರು, ತೀರ ದೂರದ ಊರಿನಿಂದ ವರ್ಗವಾಗಿ ಬಂದವರು, ‘ಮೀಟಿಂಗ್ ಇದೆ’ ಎಂದು ಬರೆದು, ಮೂರೂ ಸಲ ಕರೆಸಿಕೊಂಡು, ಆಮೇಲೆ ಸುಮ್ಮನಾಗಿದ್ದರು. ಅಮೋಘಿ ಮೀಸೆಯ ಮೇಲೆ ಕೈ ಹಾಕಿದ.

ಅಷ್ಟರಲ್ಲಿ ಆಟೋಗಳ ಸಂದಿಯಿಂದ ಒಬ್ಬ ನೇರ ತನ್ನ ಕಡೆಗೇ ಬರುವುದು ಕಂಡಿತು. ಇಟ್ಟಂಗಿಹಾಳದ ಸಿದ್ದರಾಮ, ದೂರದ ಸಂಬಂಧಿ. ಕೈಯಲ್ಲಿ ಚೀಲ, ಮುಖ ಕಪ್ಪಿಟ್ಟಿತ್ತು.

“ಅಮೋಘಿ, ಏನಲೇ ನಿನ್ನ ಸೊಕ್ಕು?”

“ಯಾಕೋ ಸಿದ್ದರಾಮ, ಏನಾತು?”

“ಏನಾತು ಅಂತ ನನ್ನ ಕೇಳ್ತಿ?” ಸಿದ್ದರಾಮ ಫೋನು ತೆಗೆದು ಇಡೀ ಚೌಕಕ್ಕೆ ಕೇಳುವಂತೆ ಓದಿದ. “ನಾ ಏನ್ ಬರದೇನಿ? ‘ನಮ್ಮವ್ವ ಹ್ವಾದ್ಲು, ಸೂತಕ ಐತಿ, ಬರಾಕ ಆಗೂದಿಲ್ಲ.’ ನೀ ಏನಂದಿ? ‘ಇವೆಲ್ಲಾ ನೆವಾ ಬ್ಯಾಡ್ರಿ, ಬರಾಕ ಬೇಕು.’ ಮತ್ತ ಬರದೆ, ‘ಇಲ್ಲೋ ಮಾರಾಯಾ, ಖರೇನ ಸತ್ತಾಳೋ’ ಅಂತ. ನೀ ಏನಂದಿ?”

ಅಮೋಘಿಗೆ ಎರಡನೆಯ ವಾಕ್ಯ ನೆನಪಾಯಿತು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

“‘ಅವರನ್ನೂ ಕರಕೊಂಡ ಬರ್ರಿ, ಗಾಡ್ಯಾಗ ಜಾಗಾ ಐತಿ!’”

ಒಬ್ಬ ಆಟೋದವನು ಗಾಡಿ ನಿಲ್ಲಿಸಿದ. ಬಾಳೆಹಣ್ಣು ಮಾರುವ ಹಾಜಿರಾಬಿ “ತೋಬಾ ತೋಬಾ” ಎಂದು ಕೆನ್ನೆ ಬಡಿದುಕೊಂಡಳು. ಅಮರಪ್ಪ ಗದ್ದಿಗೆಯಿಂದ ಇಳಿದು ಬಂದು, ಗಿರಾಕಿಯನ್ನು ಕಾಪಾಡುವುದು ವ್ಯಾಪಾರಿಯ ಧರ್ಮವೆಂದು, “ಹಿರ್ಯಾರನ್ನ ಕರೀಬೇಕಂತ ಪ್ರೀತಿಲೆ ಅಂದಾರ ಬಿಡ್ರಿ” ಎಂದ. ಅದರಿಂದ ವಿಷಯ ಇನ್ನೂ ಕೆಟ್ಟಿತು.

“ನಾ ಅಂದಿಲ್ಲೋ ಸಿದ್ದರಾಮ, ಮಷೀನ್ ಅಂದೈತಿ,” ಎಂದ ಅಮೋಘಿ, ಎರಡೂ ಕೈ ಮುಗಿದು.

“ಮಷೀನ್? ನಿನ್ನ ಹೆಸರ ಐತಿ, ನಿನ್ನ ಪಟಾ ಐತಿ. ನಮ್ಮವ್ವ ಸತ್ತಾಳ ಅಂತ ನಾ ಬರದ್ರ, ಪಟಗಾ ಸುತಗೊಂಡ ಹಲ್ಲ ಕಿಸದ ನಗಾಕತ್ತಿದ್ದೆಲ್ಲೋ!”

ಅಮೋಘಿ ಆತನ ಕಾಲಿಗೆ ಬಗ್ಗಿದ. ಸಿದ್ದರಾಮ ಹಿಂದೆ ಸರಿದ. ಫೋನು ಜೇಬಿಗಿಟ್ಟು, ದನಿ ತಗ್ಗಿಸಿ ಹೇಳಿದ: “ನೀ ಒಂದ್ ಫೋನ್ ಮಾಡಿದ್ರ ಆಗಿತ್ತೋ. ಹಲೋ ಅನ್ನೂದ್ರಾಗ ನನ್ನ ದನಿ ಮ್ಯಾಲ ನಿನಗ ತಿಳೀತಿತ್ತು.” ಚೀಲ ಹೆಗಲಿಗೆ ಏರಿಸಿ ಹೊರಟುಹೋದ. ಅದರಲ್ಲಿ ತಾಯಿಯ ದಿನಕರ್ಮದ ಸಾಮಾನು ಇತ್ತು.

ಅಮೋಘಿ ಮೆಟ್ಟಿಲ ಮೇಲೆಯೇ ಕುಸಿದು ಕೂತ. ಆಗ ಫೋನು ಬಂತು. ಗೀತಾಂಜಲಿ.

“ಅಪ್ಪಾ, ಅತ್ತಿ ಫೋನ್ ಬಂದ್ ಆಗಿತ್ತಂತ ಪಕ್ಕದ ಮನಿಗೆ ಮಾಡಿ ಮಾತಾಡಿದೆ. ‘ನಿಮ್ಮಪ್ಪ ನನಗ ಧನ್ಯವಾದ ಹೇಳ್ಯಾನವಾ, ನನ್ನ ಕೆಲಸಾ ಮುಗೀತು’ ಅಂದ್ಲು. ನೀ ಹೋಗೇ ಇಲ್ಲಾ?” ದನಿ ಒಡೆಯಿತು. “ನಾ ಹೇಳಿದ್ದ ಒಂದ ಮಾತು. ಬೀಗರ ಮುಂದ ಖಾಲಿ ಉಡಿ ಹಿಡಕೊಂಡ ಕುಂದರ್ತೇನಿ, ನೋಡಾಕ ಬಾ.”

ಚಂದ್ರಕಲಾ ಸೀರೆ ಮಡಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. ಆಕೆ ಬೈಯದಿದ್ದಾಗಲೇ ಅಮೋಘಿಗೆ ನಿಜವಾಗಿ ಹೆದರಿಕೆಯಾದದ್ದು. ಆತ ಅಲ್ಲಿಯೇ, ಗಾಂಧಿ ಚೌಕದ ಗದ್ದಲದ ನಡುವೆ, ಬಾಟನ್ನು ಬಂದ್ ಮಾಡಿ ಬಿಜ್ಜರಗಿಯ ದಾರಿ ಹಿಡಿದ.

ಮಲಕವ್ವ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ತಮ್ಮನನ್ನು ನೋಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಸೊಪ್ಪು ಕಟ್ಟಿ ಮುಗಿಸಿ, ಒಂದು ತಂಬಿಗೆ ನೀರು ತಂದಿಟ್ಟು, ಒಳಗೆ ಹೋದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದ ತಾಟು ತಂದು ಮುಂದಿಟ್ಟಳು.

“ಉಣ್ಣು.”

ಅಮೋಘಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೆ ಐವತ್ತು ವರ್ಷದ ರೂಢಿ ನಾಲಿಗೆಯ ಮೇಲೆ ಕೂತಿತ್ತು.

“ಒಲ್ಲೆ ಅಕ್ಕಾ, ಈಗರ ಉಂಡ ಬಂದೇನಿ.”

ಮಲಕವ್ವ ಆತನನ್ನೇ ನೋಡಿದಳು. ಆಮೇಲೆ, ಸಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: “ತಮ್ಮ ಉತ್ತರ ತಿಳಿಯಿತು. ಧನ್ಯವಾದಗಳು.”

ತಾಟು ಎತ್ತಿದಳು. ರೊಟ್ಟಿಯನ್ನು ಮುರಿದು ಹತ್ತಿರದ ಆಡಿಗೆ ಹಿಡಿದಳು. ಆಡು ಒಲ್ಲೆ ಅನ್ನಲಿಲ್ಲ.

ಅಮೋಘಿ ನೋಡುತ್ತ ಕೂತ. ಆಡು ರೊಟ್ಟಿ ತಿಂದು, ಪುಂಡಿಪಲ್ಯ ನೆಕ್ಕಿ, ಇನ್ನಿದೆಯೇ ಎಂದು ಆತನ ಮುಖ ನೋಡಿತು. ನಗು ಬರಬೇಕಾಗಿತ್ತು. ಬರಲಿಲ್ಲ. ಹಸಿವೇನೂ ದೊಡ್ಡದಲ್ಲ, ಆಚೆ ಬಸ್ ನಿಲ್ದಾಣದಲ್ಲಿ ಏನಾದರೂ ಸಿಗುತ್ತಿತ್ತು. ಆದರೆ ಅಕ್ಕ ಇನ್ನೊಂದು ಸಲ ಕೇಳಲಿಲ್ಲವಲ್ಲ! ಇನ್ನೊಂದು ಸಲ ಕೇಳಿದ್ದರೆ ಆತ ಉಣ್ಣುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಳು. ಬಾಟಿಗಾದರೆ ಗೊತ್ತಿರಲಿಲ್ಲ, ಪಾಪ.

“ಹಸದೇನಿ ಅಕ್ಕಾ,” ಎಂದ ಕೊನೆಗೆ. ದನಿ ಸಣ್ಣಗಾಗಿತ್ತು.

“ಹ್ಯಾಂಗ ಅನಸ್ತು?” ಎಂದಳು ಮಲಕವ್ವ. “ಪಂಚಮಿ ದಿನಾ ಚೀಲಾ ಕಟಗೊಂಡು ಈ ಕಟ್ಟಿ ಮ್ಯಾಲ ಕುಂತಿದ್ದೆ. ಹೋಗಿ ಬರೋ ಮಂದಿ ಎಲ್ಲಾ ಕೇಳಿದ್ರು, ತಮ್ಮ ಬರ್ಲಿಲ್ಲೇನವಾ ಅಂತ. ಬರ್ತಾನ, ಗಾಡಿ ಕೆಟ್ಟೈತಂತ ಅಂದೆ. ನಿನ್ನ ಸಂಬಂಧ ಸುಳ್ಳ ಹೇಳಿದೆ. ಈಗ ಕುಬಸಕ್ಕ ಕರದಿ. ಒಲ್ಲೆ ಅಂದೆ. ಬರಬಾರದಂತ ಅಂದೆ ಏನ? ಇವ ಹೊಳ್ಳಿ ಕೇಳ್ತಾನೋ ಇಲ್ಲೋ ನೋಡೂನಂತ ಅಂದೆ.”

ಅಮೋಘಿ ತಪ್ಪನ್ನು ಬಾಟಿನ ಮೇಲೆ ಹಾಕಬಹುದಿತ್ತು. ಆದರೆ ಪಂಚಮಿಯ ದಿನ ಕಟ್ಟೆಯ ಮೇಲೆ ಅಕ್ಕನನ್ನು ಕೂರಿಸಿದ್ದು ಬಾಟಲ್ಲ.

“ಬಾ ಅಕ್ಕಾ,” ಎಂದ.

“ಒಲ್ಲೆ.”

“ಬಾ ಅಂತೇನಲಾ.”

“ಒಲ್ಲೆ ಅಂದೆಲ್ಲೋ.”

“ನಿನ್ನ ಕಾಲ ಬೀಳ್ತೇನಿ, ಬಾ.”

“ಒಲ್ಲೆ, ಒಲ್ಲೆ.”

ಶಕೀಲನ ಲೆಕ್ಕದಲ್ಲಿ ಮಾತು ಇಲ್ಲಿಗೆ ಮುಗಿಯಬೇಕು. ಅಮೋಘಿ ಅಕ್ಕನ ಬೆರಳು ನೋಡಿದ, ಸೊಪ್ಪಿನ ಹಸಿರು ಹತ್ತಿತ್ತು, ಅಗಲವಾಗಿವೆಯೋ ಕೂಡಿವೆಯೋ ತಿಳಿಯಲಿಲ್ಲ. ಕಣ್ಣು ನೋಡಿದ, ಆಕೆ ಆಡಿನ ಕಡೆ ತಿರುಗಿದ್ದಳು. ಇದು ಖರೆಯೋ ಸುಳ್ಳೋ? ಆತನಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೂ ಏಳಲಿಲ್ಲ. ಪಟಗಾ ಇಲ್ಲದ ಬೋಳು ತಲೆಯ ಮೇಲೆ ಬಿಸಿಲು ಬೀಳುತ್ತಿತ್ತು, ಅಂಗಳದಲ್ಲಿ ಹಾಗೆಯೇ ಕೂತ.

“ಗೀತಾ ಖಾಲಿ ಉಡಿ ಹಿಡಕೊಂಡ ಕುಂದರ್ತಾಳಂತ,” ಎಂದ. “ನೀ ಬರೂತನಾ ನಾ ಇಲ್ಲಿಂದ ಏಳೂದಿಲ್ಲ.”

ಮಲಕವ್ವ ಆಡುಗಳಿಗೆ ನೀರಿಟ್ಟಳು. ಆಮೇಲೆ, ಆಡಿನ ಬೆನ್ನು ತಿಕ್ಕುತ್ತ, ಸಿಟ್ಟಿನಿಂದಲೇ ಕೇಳಿದಳು: “ಇವನ್ನ ಯಾರ ನೋಡ್ತಾರ?”

“ಗಾಡ್ಯಾಗ ಹಾಕ್ಕೊಂಡ ಹೋಗೂನು!”

“ಹುಚ್ಚ ಸೂಳೆಮಗನ, ಕುಬಸಕ್ಕ ಯಾರರ ಆಡ ತರ್ತಾರೇನೋ?”

“ಇವುದರ ಮುತ್ತಜ್ಜಿ ಹಾಲ ಕುಡದ ಬೆಳದಾಳಕಿ. ಇವೂ ಬಳಗಾನ.”

ಮಲಕವ್ವನ ತುಟಿ ಅಲುಗಿತು. ನಗು ಕಾಣದಿರಲೆಂದು ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಮತ್ತೆ ಬಂದಾಗ ಕೈಯಲ್ಲಿ ತಾಟಿತ್ತು. ಈ ಸಲ ಉಣ್ಣು ಅನ್ನಲಿಲ್ಲ, ಅಮೋಘಿಯೂ ಒಲ್ಲೆ ಅನ್ನಲಿಲ್ಲ.

ಮರುದಿನದಿಂದ ಅಮೋಘಿ ಕುಂಕುಮದ ಬಟ್ಟಲು ಹಿಡಿದು ಮನೆಮನೆ ತಿರುಗಿದ. ಎಲ್ಲ ಮನೆಯಲ್ಲೂ ಒಲ್ಲೆ ಅನ್ನಿಸಿಕೊಂಡ, ಎಲ್ಲ ಮನೆಯಲ್ಲೂ ಚಹಾ ಕುಡಿದ. ಇಟ್ಟಂಗಿಹಾಳಕ್ಕೆ ಮಾತ್ರ ಬಟ್ಟಲಿಲ್ಲದೆ ಹೋಗಿ, ಸಿದ್ದರಾಮನ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕೂತು ಬಂದ. ಬಾಟನ್ನು ಬಿಟ್ಟನೆ ಎಂದರೆ, ಬಿಡಲಿಲ್ಲ. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೆ? ಅಂಗಡಿಗೆ ಇಟ್ಟುಕೊಂಡಿದ್ದಾನೆ. ತನ್ನ ಫೋಟೋ ತೆಗೆದು ಪೈಪಿನ ಫೋಟೋ ಹಾಕಿದ್ದಾನೆ. ಯಾರಾದರೂ ಒಲ್ಲೆ ಅಂದರೆ ಅದೀಗ ಒಂದೇ ಮಾತು ಹೇಳುತ್ತದೆ: ‘ಇದು ನನಗ ತಿಳಿಯೂದಿಲ್ಲ. ಅಮೋಘಿ ಫೋನ್ ಮಾಡ್ತಾರ.’

ಕುಬಸದ ದಿನ ಎರಡು ಗಾಡಿಗಳು ಬಬಲೇಶ್ವರಕ್ಕೆ ಹೋದವು. ಒಂದರಲ್ಲಿ ಬಳಗ, ಇನ್ನೊಂದರಲ್ಲಿ ಬುತ್ತಿ, ಮಲಕವ್ವ ಮತ್ತು ಆಡುಗಳು. ಬುತ್ತಿಯನ್ನು ಆಡುಗಳಿಂದ ಕಾಪಾಡುವ ಕೆಲಸಕ್ಕೆ ಅಂಗಡಿ ಮುಚ್ಚಿ ಬಂದಿದ್ದ ಶಕೀಲನನ್ನು ಹಾಕಿದ್ದರು. ಬೀಗರು ಬಾಗಿಲಲ್ಲಿ ಆರತಿ ಹಿಡಿದು ನಿಂತವರು, ಮೊದಲು ಇಳಿದ ಆಡಿಗೂ ಬೆಳಗಬೇಕೋ ಬೇಡವೋ ತಿಳಿಯದೆ ಮುಖ ಮುಖ ನೋಡಿಕೊಂಡರು.

ತೋಟಗಾರಿಕೆಯ ಸಾಹೇಬರೂ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೇಡೆಯ ಡಬ್ಬಿ ಹಿಡಿದು ಒಬ್ಬರೇ ಮೂಲೆಯಲ್ಲಿ ನಿಂತಿದ್ದರು. ಅಮೋಘಿ ಗಾಬರಿಯಾಗಿ ಓಡಿಹೋಗಿ, ಅದು ಮಷೀನು ಬರೆದದ್ದೆಂದು ಹೇಳಲು ಬಾಯಿ ತೆರೆದ.

“ಈ ಊರಿಗೆ ಬಂದಾಗಿನಿಂದ ಎಲ್ಲರೂ ಕಾರ್ಡು ಕೊಟ್ಟು ಹೋಗ್ತಾರೆ,” ಎಂದರು ಸಾಹೇಬರು. “ನೀವು ಬರದಿದ್ರೆ ನಾವು ಊಟಾನೇ ಮಾಡಲ್ಲ ಅಂತ ಯಾರೂ ಅಂದಿರಲಿಲ್ಲ ನೋಡಿ. ಮೀಟಿಂಗ್ ಮುಂದಕ್ಕೆ ಹಾಕಿ ಬಂದೆ.”

ಅಮೋಘಿ ತೆರೆದ ಬಾಯಿ ಮುಚ್ಚಿದ. “ಬರ್ರಿ ಸಾಹೇಬ್ರ, ಮೊದಲನೇ ಪಂಕ್ತಿಗೆ ಕುಂದರ್ರಿ,” ಎಂದು ಕೈ ಹಿಡಿದು ಕರೆದುಕೊಂಡು ಹೋದ.

ಗೀತಾಂಜಲಿ ಹಸಿರು ಸೀರೆಯಲ್ಲಿ ಕೂತಿದ್ದಳು. ಮಲಕವ್ವ ಎದುರು ಬಂದು ನಿಂತಾಗ ಆಕೆ ಉಡಿ ಹಿಡಿಯುವುದನ್ನೂ ಮರೆತು ಅತ್ತೆಯ ಸೊಂಟ ತಬ್ಬಿಕೊಂಡಳು. “ಸಾಕ್ ಸಾಕ್, ಹೊಟ್ಟಿ ಒತ್ತೀತು,” ಎಂದು ಗದರಿಸುತ್ತ ಮಲಕವ್ವ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಹಾಕಿ ಮೊದಲ ಉಡಿ ತುಂಬಿದಳು. ಚಂದ್ರಕಲಾ ಅತ್ತಳು. ಶೈಲಾ ಅತ್ತಳು. ಅಮೋಘಿ ಗಾಡಿಯಲ್ಲಿ ಏನೋ ಮರೆತೆನೆಂದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದ.

ಆಮೇಲೆ ಪಂಕ್ತಿ ಕೂತಿತು. ಅಮೋಘಿಯೇ ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಬಂದ. ಮಲಕವ್ವನ ಮುಂದೆ ಬಂದಾಗ ಆಕೆ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

“ಒಲ್ಲೆ. ಸಾಕಾಗೈತಿ.”

ಚಂದ್ರಕಲಾ ಸಾರಿನ ಸೌಟು ಹಿಡಿದಲ್ಲೇ ನಿಂತಳು. ಶಕೀಲ ಕತ್ತು ಉದ್ದ ಮಾಡಿದ. ಸಾಹೇಬರು ಕೂಡ ತುತ್ತು ಬಾಯಿಗೆ ಒಯ್ಯದೆ ನೋಡಿದರು. ಅಮೋಘಿ ಬಗ್ಗಿ ಅಕ್ಕನ ಬೆರಳು ನೋಡಿದ. ಬಿಗಿಯಾಗಿ ಕೂಡಿದ್ದವು. ಕಣ್ಣು ನೋಡಿದ. ಮುಚ್ಚಿದ್ದವು.

ಆತ ಮಣಿಕಟ್ಟು ಹಿಡಿದು ಆಕೆಯ ಕೈಯನ್ನು ಮೆಲ್ಲಗೆ ಎತ್ತಿ, ಕೆಳಗೆ ಒಂದು ಹೋಳಿಗೆ ಇಟ್ಟ. ಅದರ ಮೇಲೆ ಇನ್ನೊಂದು ಇಟ್ಟ.

“ಒಲ್ಲೆ ಅಂದ್ರ ತಿಳಿಯೂದಿಲ್ಲೇನಲೇ ನಿನಗ?” ಎಂದಳು ಮಲಕವ್ವ, ಕಣ್ಣು ತೆರೆಯದೆ.

“ಇಲ್ಲಕ್ಕಾ,” ಎಂದ ಅಮೋಘಿ, “ತಿಳಿಯೂದಿಲ್ಲ.”

ಮಲಕವ್ವ ಆ ಕೈಯನ್ನು ಮತ್ತೆ ತಾಟಿನ ಮೇಲೆ ತರಲಿಲ್ಲ. ಹಿಂದೆ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದ ಶೈಲಾಳಿಗೆ ದಾರಿ ಬಿಟ್ಟು ಕೂತಳು.